ಗೌಡ್ತಿಯ ಗಾಜಿನ ಮನೆ

ಗಾಜು ಕತ್ತರಿಸುವಾಗ ಹುಸೇನಪ್ಪ ಮಾವ ಉಸಿರು ಬಿಗಿಹಿಡಿಯುತ್ತಿದ್ದರು. ವಜ್ರದ ಮೊನೆ ಈ ಅಂಚಿನಿಂದ ಆ ಅಂಚಿಗೆ ಹೋಗಿ, ಸಣ್ಣ ಸದ್ದು ಮಾಡಿ ಗಾಜು ಎರಡಾಗುವವರೆಗೆ ಅವರ ಎದೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಆಮೇಲೆ ಬಾಗಿ ಹಾ ಎಂದು ಉಸಿರು ಬಿಟ್ಟು, ಗಾಜಿಗೆ ಹಿಡಿದ ಆವಿಯನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದರು. ಪುಣೆಯ ಸದಾಶಿವ ಪೇಠದ ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ, ಬೀದಿಗೆ ಬಾಗಿಲಿದ್ದ ಎರಡು ಖೋಲಿಗಳಲ್ಲಿ, ಇಪ್ಪತ್ತೈದು ವರ್ಷ ಅವರು ಹೀಗೆ ಬದುಕಿದರು. ಮುಂದಿನ ಖೋಲಿ ಅಂಗಡಿ, ಹಿಂದಿನದು ಮನೆ. ದೇವರ ಪಟಕ್ಕೆ ಕಟ್ಟು, ಕಿಟಕಿಗೆ ಗಾಜು, ಎಲ್ಲಕ್ಕಿಂತ ಹೆಚ್ಚಾಗಿ ಮೀನಿನ ತೊಟ್ಟಿ. ಅವರು ಮಾಡಿದ ತೊಟ್ಟಿ ಸೋರಿತು ಎಂದು ಯಾರೂ ವಾಪಸು ತಂದದ್ದಿಲ್ಲ.

ಸುರಪುರದ ಕಡೆಯ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಮಗ ಎಂದು ಅಜ್ಜಿ ಆ ಹೆಸರಿಟ್ಟಿದ್ದಳು. ಕಿಟಕಿಗೆ ಗಾಜು ಹಾಕಲು ಹೋದ ಮನೆಗಳಲ್ಲಿ ಹೆಸರು ಕೇಳಿದವರು ಹಣೆಯ ವಿಭೂತಿ ನೋಡುತ್ತಿದ್ದರು, ಮತ್ತೆ ಮುಖ ನೋಡುತ್ತಿದ್ದರು. ಮಾವ ನಗುತ್ತ ಮರಾಠಿಯಲ್ಲಿ ಹೇಳುತ್ತಿದ್ದರು: ಹೆಸರು ದರ್ಗಾದ್ದು, ಕೊರಳಿನ ಲಿಂಗ ಮಠದ್ದು, ಕೈ ಮಾತ್ರ ನನ್ನದು, ಗಾಜು ಸರಿ ಕೂಡದಿದ್ದರೆ ಕೈಗೆ ಬೈಯಿರಿ.

ನಾನು ಅವರ ತಂಗಿಯ ಮಗಳು. ಅಥಣಿಯಲ್ಲಿ ಬಿ.ಎ. ಮುಗಿಸಿ ಎರಡು ಸಾವಿರನೇ ಇಸವಿಯಲ್ಲಿ ಪುಣೆಗೆ ಬಂದೆ. ಎರಡು ಗಲ್ಲಿ ಆಚೆ ಒಂದು ಟ್ಯೂಷನ್ ಕ್ಲಾಸಿನ ಆಫೀಸಿನಲ್ಲಿ ಕೆಲಸ; ಊಟ, ವಸತಿ ಮಾವನ ಮನೆಯಲ್ಲಿ. ನಾನು ಬರುವಷ್ಟರಲ್ಲಿ ಆ ಮನೆಯಲ್ಲಿ ಗೌಡ್ತಿ ಬಂದು ಎರಡು ವರ್ಷವಾಗಿತ್ತು.

ಗೌಡ್ತಿ ಎಂದರೆ ಜೇಡ. ನನ್ನ ಅಂಗೈಯನ್ನು ತುಂಬುವಷ್ಟು ದೊಡ್ಡ, ಮೈತುಂಬ ಕಂದು ಕೂದಲಿನ ಟ್ಯಾರಂಟುಲಾ. ಫ್ಲ್ಯಾಟು ಕಟ್ಟಲೆಂದು ವಾಡೆಯ ಹಿಂದಿನ ಅರ್ಧವನ್ನು ಕೆಡವಿದಾಗ ಮಣ್ಣಿನ ಗೋಡೆಯ ಬಿಲದಿಂದ ಹೊರಬಂದು ಅಂಗಳದ ನಡುವೆ ನಿಂತಿತಂತೆ. ಆಳುಗಳು ಸಲಿಕೆ ಎತ್ತಿದರು. ಮೇಲಿನ ಮನೆಯ ಇಂದೂಬಾಯಿ ಮೆಟ್ಟಿಲ ಮೇಲೆಯೇ ಕಿರುಚಿಕೊಂಡರು. ಮಾವನ ಹೆಂಡತಿ, ನಮ್ಮ ಅತ್ತಿ ಪಾರವ್ವ ಮಾತ್ರ ಅಂಗಡಿಯಿಂದ ಪೆಪ್ಪರ್‌ಮಿಂಟಿನ ಖಾಲಿ ಗಾಜಿನ ಭರಣಿ ತಂದು ಅದರ ಮೇಲೆ ಬೋರಲು ಹಾಕಿದಳು. "ಮನಿ ಬಿದ್ದವರನ್ನ ಸಲಿಕಿಲೆ ಹೊಡೀತಾರೇನು?" ಎಂದು ಆಳುಗಳನ್ನೇ ಬೈದಳು. ಒಂದೊಂದೇ ಕಾಲು ಎತ್ತಿ ಗತ್ತಿನಿಂದ ನಡೆಯುತ್ತಿದ್ದುದರಿಂದ ಅದಕ್ಕೆ ಗೌಡ್ತಿ ಎಂದು ಹೆಸರಾಯಿತು.

ಅತ್ತಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಆ ಮನೆಯಲ್ಲಿ ಮಾತೂ ಇರಲಿಲ್ಲ. ದಿನಾ ಬೆಳಿಗ್ಗೆ ಅವಳು ಮೈತೊಳೆದು, ಲಿಂಗಪೂಜೆ ಮುಗಿಸಿ, ನಂತರ ಬಚ್ಚಲ ಮೂಲೆಯಲ್ಲಿ ಜೊಂಡಿಗ, ಅಂದರೆ ಜಿರಲೆ, ಹಿಡಿಯಲು ಕೂರುತ್ತಿದ್ದಳು. ಮೊಟ್ಟೆಯ ವಾಸನೆಗೂ ಸೆರಗು ಮೂಗಿಗೆ ಹಿಡಿಯುವ ಅವಳು ಜೀವಂತ ಜೊಂಡಿಗವನ್ನು ಮೀಸೆ ಹಿಡಿದು ಭರಣಿಯೊಳಗೆ ಬಿಡುವುದನ್ನು ಮೊದಲ ಸಲ ಕಂಡಾಗ ನಾನು ನಕ್ಕುಬಿಟ್ಟೆ.

"ನಗಬ್ಯಾಡ ತಂಗಿ. ಆಕಿ ಏನ್ ಲಿಂಗಾ ಕಟ್ಟಿಕೊಂಡಾಳೇನು?" ಎಂದಳು ಅತ್ತಿ.

ಮಾವನಿಗೆ ಗೌಡ್ತಿಯೆಂದರೆ ಭಯ. ಭರಣಿ ಇದ್ದ ಗೂಡಿನ ಕಡೆ ಬೆನ್ನು ಹಾಕಿಯೂ ಕೂರುತ್ತಿರಲಿಲ್ಲ, ಮುಖ ಹಾಕಿಯೂ ಕೂರುತ್ತಿರಲಿಲ್ಲ. ಓರೆಯಾಗಿ ಕೂತು ಉಣ್ಣುತ್ತಿದ್ದರು. "ಗಾಜಿನಾಗ ಅದಾಳ್ರಿ, ನಿಮ್ಮ ಗಾಜಿನ ಮ್ಯಾಲೆ ನಿಮಗs ನಂಬಿಕಿ ಇಲ್ಲೇನು?" ಎಂದು ಅತ್ತಿ ಕಾಡುತ್ತಿದ್ದಳು.

ಎರಡು ಸಾವಿರದ ಒಂದರ ಫೆಬ್ರವರಿಯಲ್ಲಿ ಅತ್ತಿಯ ಕಾಲು ಬಾತವು. ಆಮೇಲೆ ಮುಖ. ಮೂತ್ರಪಿಂಡ ಎಂದರು. ಆಸ್ಪತ್ರೆಗೆ ಹೊರಡುವ ದಿನ ರಿಕ್ಷಾ ಬಾಗಿಲಲ್ಲಿ ನಿಂತಿತ್ತು. ಅವಳು ಗೂಡಿನ ಮುಂದೆ ನಿಂತಿದ್ದಳು.

"ಭರಣ್ಯಾಗ ಇಕ್ಕಟ್ಟಾಗ್ಯಾಳ. ಕಾಲು ಚಾಚಾಕ ಬರೂದಿಲ್ಲ. ಊರ ಮೀನಿಗೆಲ್ಲ ಮನಿ ಮಾಡಿಕೊಟ್ಟ್ರಿ, ನನ್ನ ಗೌಡ್ತಿಗೊಂದು ಮಾಡ್ಲಿಲ್ಲ."

"ನೀ ವಾಪಸ್ ಬರೂದ್ರಾಗ ಮಾಡಿರ್ತೀನಿ," ಎಂದರು ಮಾವ.

"ನಾ ಬರೂತನಕ ಆಕಿ ಇರಬೇಕು ಮತ್ತ."

"ಇರ್ತಾಳ. ರಿಕ್ಷಾ ಹತ್ತು."

ಆ ಮಾತು ಮಾವನ ಎದೆಯಲ್ಲಿ ಬೇರೆಯೇ ರೀತಿಯಲ್ಲಿ ಕೂತಿತು ಎಂದು ನನಗೆ ತಿಳಿದದ್ದು ಆಮೇಲೆ. ಗೌಡ್ತಿ ಇದ್ದರೆ ಅತ್ತಿ ಬರುತ್ತಾಳೆ. ಅವರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂದಿನಿಂದ ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡುವ ಮೊದಲು ಗೂಡಿನ ಕಡೆ ನೋಡುತ್ತಿದ್ದರು.

ಮನೆ ಕಟ್ಟಲು ಮರುದಿನವೇ ಶುರು ಮಾಡಿದರು. ಅವರಿಗೆ ಗೊತ್ತಿದ್ದದ್ದು ಮೀನಿನ ತೊಟ್ಟಿ. ಅದನ್ನೇ ಮಾಡಿದರು, ಇದ್ದುದರಲ್ಲಿ ಒಳ್ಳೆಯ ಗಾಜಿನಿಂದ, ಎರಡಡಿ ಎತ್ತರಕ್ಕೆ. ಅಂಚುಗಳನ್ನು ಸಿಲಿಕಾನಿನಿಂದ ಅಂಟಿಸಿ ಅದರ ಹುಳಿ ವಾಸನೆ ಹೋಗುವವರೆಗೆ ನಾಲ್ಕು ದಿನ ಬಿಟ್ಟರು. ಗಾಳಿಗೆಂದು ಮೇಲೆ ತಂತಿಯ ಜಾಳಿಗೆಯ ಮುಚ್ಚಳ ಮಾಡಿದರು. ಭರಣಿಯನ್ನು ಅದರೊಳಗೆ ವಾಲಿಸಿ ಗೌಡ್ತಿಯನ್ನು ಬಿಡುವಾಗ ಅವರು ಮುಖ ಆಚೆ ತಿರುಗಿಸಿಕೊಂಡರು. ಕೊನೆಗೆ ಭರಣಿಯ ತಳವನ್ನು ನಾನು ತಟ್ಟಬೇಕಾಯಿತು.

"ಅರಮನಿ ಆತು," ಎಂದರು ಅವರು ದೂರ ನಿಂತು.

ಎರಡನೇ ದಿನ ನಾನು ಕೆಲಸದಿಂದ ಬಂದಾಗ ಗೌಡ್ತಿ ಮೇಲಿನ ಜಾಳಿಗೆಯಿಂದ ತೂಗುತ್ತಿತ್ತು. ಒಂದು ಕಾಲಿನ ಉಗುರು ತಂತಿಯಲ್ಲಿ ಸಿಕ್ಕಿತ್ತು. ಉಳಿದ ಏಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ನಾನು ಮಾವನನ್ನು ಕೂಗುವಷ್ಟರಲ್ಲಿ ಕಾಲು ಬಿಡಿಸಿಕೊಂಡು ಬಿತ್ತು. ಮೆತ್ತನೆಯ, ಒದ್ದೆ ಬಟ್ಟೆ ಬಿದ್ದಂಥ ಸದ್ದು. ಒಂದು ತಾಸು ಅಲುಗಲಿಲ್ಲ. ಮಾವ ಗಿರಾಕಿಯನ್ನು ಬಿಟ್ಟು ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಪಾರೂ ಕೇಳಿದ್ರ ಏನ್ ಹೇಳ್ಲಿ?" ಎಂದು ನನ್ನನ್ನಲ್ಲ, ಗಾಜನ್ನು ಕೇಳಿದರು.

ಅಂದು ಗೌಡ್ತಿ ಎದ್ದಿತು. ಮಾವ ಮಾತ್ರ ಸುಮ್ಮನೆ ಕೂರಲಿಲ್ಲ. ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಬಾಳಕೃಷ್ಣ ಸರ್ ಮಾವನ ಹಳೆಯ ಗಿರಾಕಿ, ಧಾರವಾಡದವರು, ಒಣಗಿದ ಚಿಟ್ಟೆ, ದುಂಬಿ ಇಡುವ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಲು ಬರುತ್ತಿದ್ದರು. ಮಾವ ಅವರ ಕಾಲೇಜಿಗೇ ಹೋಗಿ ಕರೆತಂದರು.

ಸರ್ ತೊಟ್ಟಿ ನೋಡಿ ತಲೆಯಲ್ಲಾಡಿಸಿದರು. "ಭಾಳ ಚಂದ ಮಾಡೀರಿ ಹುಸೇನಪ್ಪನವರ. ಮೀನಿಗೆ. ಮೀನು ಬೀಳೂದಿಲ್ಲ, ಇದು ಬೀಳ್ತದ. ಇದರ ಹೊಟ್ಟಿ ಅಂದ್ರ ನೀರು ತುಂಬಿದ ಚೀಲ. ಎತ್ತರದಿಂದ ಬಿದ್ರ ಒಡೀತದ."

"ಎಷ್ಟ ಎತ್ತರ ಇರಬೇಕ್ರಿ?"

"ಮಣ್ಣಿನಿಂದ ಮುಚ್ಚಳಕ್ಕ ಒಂದು ಗೇಣು ಸಾಕು. ಎತ್ತರ ಬ್ಯಾಡ, ಅಗಲ ಇರ್ಲಿ. ಮಣ್ಣು ಅರ್ಧ ಅಡಿ ಹಾಕ್ರಿ, ಬಿಲ ತೋಡಿಕೊಳ್ತದ. ಈ ತಂತಿ ತೆಗೀರಿ ಮೊದ್ಲು. ಗಾಜಿನಾಗs ಸಣ್ಣ ತೂತು ಕೊರೀರಿ."

ಗಾಜಿನಲ್ಲಿ ತೂತು ಕೊರೆಯುವುದು ಮಾವ ಬಲ್ಲ ಕೆಲಸವೇ. ಆದರೆ ಆ ದಿನಗಳಲ್ಲಿ ಅವರ ಕೈ ಅವರದಾಗಿರಲಿಲ್ಲ. ನೀರು ಬಿಡುತ್ತ, ಉಸಿರು ಹಿಡಿದು, ಜೋಳದ ಕಾಳಿಗಿಂತ ಸಣ್ಣ ತೂತುಗಳನ್ನು ಒಂದೊಂದಾಗಿ ಕೊರೆಯುತ್ತಿದ್ದರು. ಹನ್ನೊಂದನೆಯದರಲ್ಲೋ ಹದಿನಾಲ್ಕನೆಯದರಲ್ಲೋ ಗಾಜು ಸೀಳುತ್ತಿತ್ತು. ಮೂರು ಗಾಜು ಹೀಗೆ ಹೋದವು. ನಾಲ್ಕನೆಯದು ನಿಂತಿತು. ತೊಟ್ಟಿಯನ್ನು ತಗ್ಗಾಗಿ, ಅಗಲವಾಗಿ ಹೊಸದಾಗಿ ಕಟ್ಟಿ, ಷೋಕೇಸಿಗೆ ಹಾಕುವಂತೆ ಮುಚ್ಚಳವನ್ನು ಸರಿಯುವ ಗಾಜಿನದು ಮಾಡಿ, ಇಂದೂಬಾಯಿಯ ಭಯಕ್ಕೆ ಒಂದು ಸಣ್ಣ ಕೀಲಿಯನ್ನೂ ಕೂರಿಸಿದರು. ಮಣ್ಣು ಹೊರಗಿನಿಂದ ತರಲಿಲ್ಲ. ಕೆಡವಿದ ಗೋಡೆಯ ಮಣ್ಣು ಇನ್ನೂ ಹಿತ್ತಲ ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಅದನ್ನೇ ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಮತ್ತೆ ಸ್ವಲ್ಪ ನೀರು ಚಿಮುಕಿಸಿ ತುಂಬಿದರು. ಅಡಗಿಕೊಳ್ಳಲು ಒಡೆದ ಹಂಚಿನ ತುಂಡು. ನೀರಿಗೆ ಮಣ್ಣಿನ ಪಣತಿ. ಬಾಳಕೃಷ್ಣ ಸರ್ ಬಂದು ನೋಡಿ, "ಇದು ಮನಿ," ಎಂದರು. ಮಾವ ಮನೆಯ ಬಗ್ಗೆ ಕೇಳಿದ್ದರು, ಅವರು ಮನೆಯ ಬಗ್ಗೆ ಹೇಳಿದ್ದರು. ಊಟದ ಮಾತು ಬರಲಿಲ್ಲ.

ಗೌಡ್ತಿ ಹೊಸ ಮನೆಗೆ ಹೋದ ವಾರದಲ್ಲಿ ಊಟ ಬಿಟ್ಟಿತು.

ಜೊಂಡಿಗ ಬಿಟ್ಟರೆ ಅದು ಗೌಡ್ತಿಯ ಬೆನ್ನ ಮೇಲೆಯೇ ಓಡಾಡುತ್ತಿತ್ತು. ಮಿಡತೆ ಬಿಟ್ಟೆವು. ಅದೂ ಹಾಗೆಯೇ. ಒಂದು ವಾರ, ಎರಡು ವಾರ. ಅದರ ಬಣ್ಣ ಮಂಕಾಯಿತು. ಹಂಚಿನ ಪಕ್ಕದಲ್ಲಿ ಬಿಳಿ ನೂಲನ್ನು ಹಾಸಿ ಅದರ ಮೇಲೆ ಸುಮ್ಮನಿರುತ್ತಿತ್ತು. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಅತ್ತಿಯೂ ಊಟ ಬಿಟ್ಟಿದ್ದಳು. ನಾನು ಒಯ್ದ ಗಂಜಿಯ ಡಬ್ಬಿ ಹಾಗೇ ಮರಳುತ್ತಿತ್ತು.

"ಗೌಡ್ತಿ ಉಂಡಾಳೇನ್ರಿ?" ಎಂದು ಕೇಳುತ್ತಿದ್ದಳು.

"ಉಂಡಾಳ. ನೀ ಉಣ್ಣು."

"ಎಷ್ಟ ಉಂಡ್ಳು?"

"ಎರಡು. ನಿನ್ನೆ ಎರಡು ಜೊಂಡಿಗ."

ಅತ್ತಿ ಗೋಡೆಯ ಕಡೆ ತಿರುಗಿದಳು. "ಆಕಿ ಒಮ್ಮೆಗೆ ಎರಡು ಉಣ್ಣೂದಿಲ್ಲ. ಇಷ್ಟ ವರ್ಷ ಆತು, ಒಂದು ಸುಳ್ಳು ನೆಟ್ಟಗ ಹೇಳೂದು ಕಲೀಲಿಲ್ಲ ನೀವು. ಆಕಿ ಉಂಡ ದಿನ ಹೇಳ್ರಿ, ನಾನೂ ಉಣ್ತೀನಿ."

ಆಸ್ಪತ್ರೆಯಿಂದ ಮನೆಯವರೆಗೆ ಮಾವ ಅಂದು ನಡೆದೇ ಬಂದರು. ಲಕ್ಷ್ಮೀ ರಸ್ತೆಯ ಅಷ್ಟು ಗದ್ದಲದಲ್ಲಿ ಸ್ಕೂಟರುಗಳು ಹಾರ್ನ್ ಹೊಡೆದರೂ ಪಕ್ಕಕ್ಕೆ ಸರಿಯಲಿಲ್ಲ. ನಾನೇ ತೋಳು ಹಿಡಿದು ಎಳೆಯಬೇಕಾಯಿತು. ಮನೆಗೆ ಬಂದವರೇ ಬಚ್ಚಲ ಮೂಲೆಯಲ್ಲಿ ಕೂತು, ಜೀವಮಾನದಲ್ಲಿ ಮೊದಲ ಸಲ, ಬರಿಗೈಯಿಂದ ಜೊಂಡಿಗ ಹಿಡಿದರು. ಅದರ ಮೀಸೆಯನ್ನು ಹಿಡಿದು ಗೌಡ್ತಿಯ ಬಾಯ ಹತ್ತಿರ ಒಯ್ದು, "ಉಣ್ಣವ್ವಾ. ನಿನ್ನ ಕಾಲಿಗೆ ಬೀಳ್ತೀನಿ, ಒಂದು ತುತ್ತು ಉಣ್ಣು," ಎಂದರು. ಅದು ಮುಂದಿನ ಕಾಲನ್ನು ಎತ್ತಿ ಜೊಂಡಿಗವನ್ನು ತಳ್ಳಿತು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಮಾವ ನನ್ನನ್ನು ಕರೆದ ದನಿ ಕೇಳಿ ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಿದೆ. ಗೌಡ್ತಿ ಬಿಳಿ ಹಾಸಿನ ಮೇಲೆ ಅಂಗಾತ ಬಿದ್ದಿತ್ತು. ಎಂಟೂ ಕಾಲು ಮೇಲಕ್ಕೆ. ಮಾವ ಗಾಜು ತಟ್ಟಿದರು. ಪೊರಕೆ ಕಡ್ಡಿಯಿಂದ ಮುಟ್ಟಿದರು. ಏನೂ ಇಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸಿ ಬಿಡುವುದಿಲ್ಲ. ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಪೂಜೆಗೆ ಕೂತವರಂತೆ ಕುಂಡ್ರಿಸುತ್ತಾರೆ. ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣಿಗೆ ಕೊಡುತ್ತಾರೆ. ಅಂಗಾತ ಬಿಡುವುದು ದಿಕ್ಕಿಲ್ಲದವರನ್ನು.

ಮಾವ ಮುಚ್ಚಳ ಸರಿಸಿ ಕೈ ಹಾಕಿದರು. ಮೂರು ವರ್ಷ ಓರೆಯಾಗಿ ಕೂತು ಉಂಡ ಮನುಷ್ಯ ಅದನ್ನು ಅಂಗೈಯಲ್ಲಿ ಎತ್ತಿಕೊಂಡರು. ತಿರುಗಿಸಿ, ಒಂದೊಂದೇ ಕಾಲನ್ನು ಬೆರಳಿನಿಂದ ಮಡಿಸಿ ಹೊಟ್ಟೆಯ ಕೆಳಗೆ ಸೇರಿಸಿ, ಒಂದು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಕುಂಡ್ರಿಸಿದರು. "ಇಷ್ಟ ಮೆತ್ತಗದಾಳ ನೋಡು," ಎಂದರು. ವಿಭೂತಿ ತಂದುಕೊಟ್ಟವಳು ನಾನೇ. ಸುತ್ತಲೂ ಉದುರಿಸಿ ಒಂದು ಬಿಲ್ವಪತ್ರೆ ಇಟ್ಟರು. ಅತ್ತಿಗೆ ಹೇಳದೆ ಮಣ್ಣು ಮಾಡುವುದು ಬೇಡ ಎಂದುಕೊಂಡೆವು.

ಆದರೆ ಆಸ್ಪತ್ರೆಯಲ್ಲಿ ಹೇಳಲಾಗಲಿಲ್ಲ. ಅತ್ತಿಯ ಕಣ್ಣು ಅರ್ಧ ಮುಚ್ಚಿತ್ತು. ಅಂದು ಅವಳು ಗೌಡ್ತಿಯ ಬಗ್ಗೆ ಕೇಳಲೂ ಇಲ್ಲ. ಮಾವ ಅವಳ ಪಾದದ ಹತ್ತಿರ ಕೂತು ಹೊದಿಕೆಯ ದಾರ ಎಳೆಯುತ್ತಿದ್ದರು. ಹೊರಗೆ ಬಂದ ಮೇಲೆ ಕಂಬ ಹಿಡಿದು ನಿಂತರು. "ಆತು, ತಂಗಿ. ಆಕಿ ಹೋದ್ಳು. ಇನ್ನ ಈಕಿ..." ಎಂದರು.

ನಾವು ಮರಳಿದಾಗ ಅಂಗಡಿಯ ಕಟ್ಟೆಯ ಮೇಲೆ ಬಾಳಕೃಷ್ಣ ಸರ್ ಕಾಯುತ್ತಿದ್ದರು, ತಮ್ಮ ಚಿಟ್ಟೆಯ ಪೆಟ್ಟಿಗೆಗೆ. ಮಾವನ ಮುಖ ನೋಡಿ ಏನಾಯಿತೆಂದು ಕೇಳಿದರು. ಮಾವ ಹೇಳಿದರು.

"ಹೆಂಗ ಬಿದ್ದಿತ್ತು?"

"ಅಂಗಾತರಿ. ಕುಂಡ್ರಿಸಿ ಇಟ್ಟೀನಿ."

ಸರ್ ಕಟ್ಟೆಯಿಂದ ಎದ್ದೇಬಿಟ್ಟರು. "ಕುಂಡ್ರಿಸಿದ್ರಿ? ಹುಸೇನಪ್ಪನವರ, ಇವು ಸಾಯೂವಾಗ ಕಾಲು ಮಡಚಿಕೊಂಡು ಕೂತs ಸಾಯ್ತಾವ. ಅಂಗಾತ ಮಲಗ್ಯಾವಂದ್ರ ಜೀವ ಅದ. ಊಟ ಬಿಟ್ಟು ಹಳೀ ಚರ್ಮ ಬಿಡ್ತಿರ್ತಾವ! ಎಲ್ಲಿ ಅದ ಅದು?"

ಕುಡಿಕೆ ದೇವರ ಗೂಡಿನ ಪಕ್ಕದಲ್ಲಿತ್ತು. ಬಿಲ್ವಪತ್ರೆ ತೆಗೆದಾಗ ಬೆನ್ನಿನ ಮೇಲೆ ಒಂದು ಸೀಳು ಕಂಡಿತು. ಅದರೊಳಗೆ ಇನ್ನೊಂದು ಬೆನ್ನು, ಹಾಲಿನಂತೆ ಬೆಳ್ಳಗೆ, ತೀರ ಮೆಲ್ಲಗೆ ಮಿಡಿಯುತ್ತಿತ್ತು. ನಾವು ಮಡಿಸಿದ ಕಾಲುಗಳು ಹಳೆಯ ಚರ್ಮದೊಳಗೆ ಸಿಕ್ಕಿಬಿದ್ದಿದ್ದವು. ಸರ್ ಸಣ್ಣ ಕುಂಚದಿಂದ ವಿಭೂತಿಯನ್ನು ಝಾಡಿಸಿ, ಒದ್ದೆ ಹತ್ತಿಯ ಮೇಲೆ ಅದನ್ನು ಮತ್ತೆ ಅಂಗಾತ ಮಲಗಿಸಿ, ಗಾಜಿನ ಮನೆಯೊಳಗಿಟ್ಟರು. "ಇನ್ನ ಯಾರೂ ಮುಟ್ಟಬ್ಯಾಡ್ರಿ," ಎಂದರು.

ಮಾವ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಗೌಡ್ತಿ ಚರ್ಮದಿಂದ ಹೊರಬಂದಿತು. ಮೂರು ಕಾಲು ಒಳಗೇ ಉಳಿದವು.

ಮರುದಿನ ಆಸ್ಪತ್ರೆಯಲ್ಲಿ ಮಾವ ಎಲ್ಲ ಹೇಳಿದರು. ಊಟ ಬಿಟ್ಟದ್ದು, ಸುಳ್ಳು ಹೇಳಿದ್ದು, ಕುಂಡ್ರಿಸಿದ್ದು, ವಿಭೂತಿ, ಮೂರು ಕಾಲು. ಹೇಳುತ್ತ ಅತ್ತರು. ಅತ್ತಿಯ ಹೊಟ್ಟೆ ಅಲುಗಿತು. ನಗುತ್ತಿದ್ದಳು. ನಗಲು ಶಕ್ತಿ ಇರಲಿಲ್ಲ, ಆದರೂ ನಗುತ್ತಿದ್ದಳು.

"ಜೀವ ಇದ್ದಾಕಿನ್ನ ಕುಂಡ್ರಿಸಿದ್ರಿ?"

"ಹೂಂ."

"ಪತ್ರಿ ಬ್ಯಾರೆ ಇಟ್ಟ್ರಿ?"

"ಹೂಂ ಅಂದ್ನೆಲ್ಲ."

"ನನ್ನ ಕುಂಡ್ರಸೂವಾಗರೆ ಸರಿಯಾಗಿ ನೋಡ್ರಿ ಮಾರಾಯರ. ಅವಸರ ಮಾಡಬ್ಯಾಡ್ರಿ."

ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು. ಅತ್ತಿ ಅಂದು ನಾಲ್ಕು ಚಮಚ ಗಂಜಿ ಕುಡಿದಳು.

ಏಪ್ರಿಲ್‌ನಲ್ಲಿ ಅವಳು ಮನೆಗೆ ಬಂದಳು. ವಾಸಿಯಾಗಿ ಅಲ್ಲ, ಇನ್ನು ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಹಾಸಿಗೆಯಿಂದ ಕಾಣುವಂತೆ ಗಾಜಿನ ಮನೆಯನ್ನು ಸ್ಟೂಲಿನ ಮೇಲೆ ಇಟ್ಟಿದ್ದೆವು. ಐದು ಕಾಲಿನ ಗೌಡ್ತಿ ಹಂಚಿನ ಕೆಳಗಿಂದ ಹೊರಬಂದು ಒಂದೊಂದೇ ಕಾಲು ಎತ್ತಿ ನಡೆಯಿತು. "ಗತ್ತು ಹೋಗಿಲ್ಲ," ಎಂದಳು ಅತ್ತಿ. ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಗಂಡನ ಕೈಯನ್ನು ಸುಮ್ಮನೆ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ, ಹೊರಗೆ ಮಳೆ ಹಿಡಿದಿದ್ದಾಗ, ಅವಳ ಉಸಿರು ನಿಂತಿತು. ಅವಳ ಅಣ್ಣ ಕಾಶಪ್ಪ ಎರಡು ದಿನ ಮೊದಲೇ ಗೋಕಾಕದಿಂದ ಬಂದಿದ್ದರು. ಓಣಿಯ ನಮ್ಮವರು ನಾಲ್ಕು ಮಂದಿ ಸೇರಿದರು. ವೈದ್ಯರು ಬಂದು ನೋಡಿ ಹೋದರು.

"ಕುಂಡ್ರಸೂಣು ಹುಸೇನಪ್ಪ. ಮೈ ಬಿಗೀತದ, ಆಮ್ಯಾಲೆ ಕಾಲು ಮಡಚೂದಿಲ್ಲ," ಎಂದರು ಕಾಶಪ್ಪ.

"ಅಣ್ಣಾರ, ಅವಸರ ಮಾಡಬ್ಯಾಡ್ರಿ."

ಮಾವ ಎದ್ದು ಅಂಗಡಿಗೆ ಹೋದರು. ಅಂಗೈಯಗಲದ ಗಾಜಿನ ತುಂಡೊಂದನ್ನು ಆರಿಸಿ, ಅಂಗಿಯ ತೋಳಿನಿಂದ ಎರಡೂ ಬದಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ತಂದು ಅತ್ತಿಯ ಮೂಗಿನ ಮುಂದೆ ಹಿಡಿದರು. ತೆಗೆದು ನೋಡಿದರು. ಗಾಜು ಶುಭ್ರವಾಗಿತ್ತು. ಮತ್ತೆ ಒರೆಸಿದರು, ಮತ್ತೆ ಹಿಡಿದರು.

"ಸಾಕೋ," ಎಂದರು ಕಾಶಪ್ಪ. "ಎಷ್ಟ ಸಲ ನೋಡ್ತಿ?"

ಮಾವ ಲೆಕ್ಕವಿಲ್ಲದಷ್ಟು ಸಲ ನೋಡಿದರು. ಯಾರೂ ಅವರ ಕೈ ಹಿಡಿಯಲಿಲ್ಲ. ಕೊನೆಗೆ ಅವರೇ ಗಾಜನ್ನು ಕಿಟಕಿಯಲ್ಲಿಟ್ಟು, ಅತ್ತಿಯ ತಲೆಯ ಹಿಂದೆ ತೋಳು ಕೊಟ್ಟು ಎಬ್ಬಿಸಿದರು. ಒಂದು ಕಾಲು ಮಡಿಸಿದರು. ಇನ್ನೊಂದು ಬಿಗಿದಿತ್ತು, ಮೊಣಕಾಲನ್ನು ತಿಕ್ಕಿ ತಿಕ್ಕಿ, ಮೆಲ್ಲಗೆ, ನೋವಾದೀತೇನೋ ಎಂಬಂತೆ ಮಡಿಸಿದರು. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಮುಂದಿನ ವರ್ಷ ಮೇ ತಿಂಗಳಲ್ಲಿ ಗೌಡ್ತಿ ಮತ್ತೆ ಊಟ ಬಿಟ್ಟಿತು. ಮತ್ತೆ ಬಿಳಿ ಹಾಸು ನೇಯ್ದಿತು. ಒಂದು ಬೆಳಿಗ್ಗೆ ಅಂಗಾತ ಮಲಗಿತ್ತು. ಮಾವ ಅಂಗಡಿಯ ಬಾಗಿಲು ತೆರೆಯಲಿಲ್ಲ. ಸ್ಟೂಲಿನ ಮುಂದೆ ನೆಲದ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡರು. ಇಂದೂಬಾಯಿ ಬಾಗಿಲಲ್ಲಿ ಇಣುಕಿ ಏನಾಯಿತೆಂದು ಮರಾಠಿಯಲ್ಲಿ ಕೇಳಿದರು, ಮಾವ ತಿರುಗಲಿಲ್ಲ. ನಾನು ಚಹಾ ಇಟ್ಟೆ, ಅದು ಆರಿತು. ಊಟಕ್ಕೆ ಕರೆದೆ, ಏಳಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಚರ್ಮ ಸೀಳಿತು. ಬೆಳ್ಳಗಿನ ಕಾಲುಗಳು ಒಂದೊಂದಾಗಿ, ಬಿಗಿಯಾದ ತೋಳಿನ ಅಂಗಿಯಿಂದ ಕೈ ತೆಗೆದಂತೆ, ಹೊರಬಂದವು. ಐದು ಬಂದವು. ಮಾವ ಮುಂದಕ್ಕೆ ಬಾಗಿದರು. ಬಹಳ ಹೊತ್ತಿನ ನಂತರ ಇನ್ನೊಂದು, ಬೆಂಕಿಕಡ್ಡಿಯಷ್ಟು ಸಣ್ಣದು. ಮತ್ತೊಂದು. ಮತ್ತೊಂದು.

ಅವರ ಮೂಗು ಗಾಜಿಗೆ ತಾಗುವಷ್ಟು ಹತ್ತಿರವಿತ್ತು. ಉಸಿರಿನಿಂದ ಗಾಜು ಮಬ್ಬಾಯಿತು, ಒಳಗೆ ಏನೂ ಕಾಣದಾಯಿತು. ಮಾವ ತೊಡೆಯ ಕೆಳಗಿನಿಂದ ಒಂದು ಕೈ ತೆಗೆದು, ಅಂಗಿಯ ತೋಳಿನಿಂದ ಆವಿಯನ್ನು ಒರೆಸಿ, ಮತ್ತೆ ನೋಡತೊಡಗಿದರು.